ಕಣಜದೊಳಗಿನ ಸಾಕ್ಷಿ

ಗುಟ್ಟು ಕಾಯುವುದರಲ್ಲಿ ಕೊಟ್ಟೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದೇ ನಂಬಿದ್ದವನು ನಾನು. ಮೋಟಾರು ರಿಪೇರಿ ಮಾಡುವವನಿಗೆ ಬಾಯಿಗೇನು ಕೆಲಸ, ಹೇಳಿ!

ನನ್ನ ಅಂಗಡಿಯ ಎದುರಿನ ಚಹಾದಂಗಡಿಯ ಹುಸೇನಬಿ, ಬಾಗಿಲಿಗೆ ಅಡ್ಡ ನಿಂತ ಟ್ರ್ಯಾಕ್ಟರ್ ಸರಿಸು ಎಂದಿದ್ದಕ್ಕೆ ಅದರ ಮಾಲೀಕ ರಾಡಿನಿಂದ ಅವಳ ಬಲಗೈ ಮುರಿದಿದ್ದ. ಕಣ್ಣಾರೆ ಕಂಡವನು ನಾನೊಬ್ಬನೇ. ಪೊಲೀಸರಿಗೆ ಧೀರನಂತೆ ಹೇಳಿಕೆ ಕೊಟ್ಟೆ. ಕೋರ್ಟಿನ ಸಮನ್ಸ್ ಬಂದ ಮರುದಿನ, ಜಾಮೀನಿನ ಮೇಲಿದ್ದ ಅವನು ನನ್ನ ಅಂಗಡಿಗೇ ಬಂದು ಕುರ್ಚಿ ಎಳೆದು ಕುಳಿತ.

"ಕೂಡ್ಲಿಗಿ ಕೋರ್ಟಿಗೆ ಹೋಗೋ ದಾರ್ಯಾಗ ಲಾರಿ ಭಾಳ ಓಡಾಡ್ತಾವ. ಹುಷಾರ್ರಿ."

ಅಷ್ಟೇ ಹೇಳಿ ಹೋದ. ನಾನು ಅಂಗಡಿ ಬಾಗಿಲೆಳೆದು ನೇರ ಸರ್ಕಾರಿ ವಕೀಲರ ಬಳಿಗೆ ಓಡಿದೆ!

ಸಾಕ್ಷಿಗಳನ್ನು ಕಾಪಾಡುವ ಸರ್ಕಾರದ ಯೋಜನೆಯಿದೆ ಎಂದು ವಕೀಲರು ಹೇಳಿದರು. ಅರ್ಜಿ ಹಾಕಿದೆ. ಬೆದರಿಕೆ ನಿಜವೇ ಎಂದು ವಿಚಾರಣೆಯಾಗಿ, ಸಾಕ್ಷಿ ಹೇಳುವ ದಿನದವರೆಗೆ ಗುಪ್ತಸ್ಥಳಕ್ಕೆ ಸಾಗಿಸಲು ಆದೇಶವಾಯಿತು. ಹೊಳೆದಂಡೆಯ ಮಾಗಳವೆಂಬ ಹಳ್ಳಿಯಲ್ಲಿ ಒಂದು ಕೋಣೆ. ಹೆಸರು ಬಸವರಾಜ ಎಂದು ಹೇಳಿಕೊಳ್ಳಬೇಕು. "ಯಾರಿಗೂ ಗೊತ್ತಾಗಬಾರದು" ಎಂದು ಅಧಿಕಾರಿ ಮೂರು ಸಲ ಎಚ್ಚರಿಸಿದರು.

ಹೊರಡುವ ಮುನ್ನ ನನ್ನ ಹೆಂಡತಿ ಈರಮ್ಮ ಓಣಿಯ ಎಲ್ಲ ಮನೆಗಳಿಗೂ ಹೋಗಿ ಬಂದಳು.

"ನಮ್ಮವರು ಹೋಗಿ ಬರ್ತಾರ ಅಂತ ಹೇಳಿ ಬಂದೆ. ಹೇಳದ ಹೋದ್ರ ಓಡಿ ಹೋದ್ರು ಅಂತಾರ!"

"ಅಯ್ಯೋ! ಎಲ್ಲಿಗೆ ಅಂತ ಹೇಳಿದಿ?"

"ಮಾಗಳಕ್ಕ ಅಂದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಎಲ್ಲಾರ ಕಡಿಂದ ಆಣಿ ಮಾಡಿಸೀನಿ."

ಹಣೆ ಚಚ್ಚಿಕೊಂಡೆ. ಅಧಿಕಾರಿಗೆ ಹೇಳಲು ಮುಖವಿಲ್ಲದೆ ಹಾಗೇ ಹೊರಟೆ. ನನ್ನ ಜಾಣತನ ಎಷ್ಟೆಂಬುದು ಮಾಗಳದಲ್ಲಿ ಗೊತ್ತಾಯಿತು. ಮನೆಯೊಡತಿ ನಾಗಜ್ಜಿ ಕೇಳಿದಳು: "ಹೆಸರೇನಪ್ಪಾ?"

"ಬಸವರಾಜ."

"ಯಾವೂರು?"

"ದಾವಣಗೆರಿ." ಆಹಾ, ಎಷ್ಟು ಸಲೀಸಾದ ಸುಳ್ಳು!

"ಮನಿದೇವ್ರು?"

ಹೆಸರು ಬದಲಿಸಬಹುದು, ಊರು ಬದಲಿಸಬಹುದು. ಮನೆದೇವರನ್ನು ಬದಲಿಸಿದರೆ ಉಳಿಗಾಲವುಂಟೇ? ಅಲ್ಲಿ ಯಾವ ಸರ್ಕಾರದ ರಕ್ಷಣೆಯೂ ನಡೆಯುವುದಿಲ್ಲ. "ಹುಣಸಿಕಟ್ಟಿ ದುರುಗಮ್ಮ" ಎಂದುಬಿಟ್ಟೆ.

"ಆಕಿಗೆ ನಡಕೊಳ್ಳೋರು ದಾವಣಗೆರ್ಯಾಗ ಯಾರೂ ಇಲ್ಲ, ಕೊಟ್ಟೂರಾಗ ಮೂರ ಮನಿ ಅಷ್ಟ. ಒಂದ್ರಾಗ ಗಂಡಸರಿಲ್ಲ. ಇನ್ನೊಂದ್ರಾಗ ಇರಾವ ಮಿಲಿಟ್ರ್ಯಾಗ ಅದಾನ. ಹಂಗಾರ ನೀ ಮೋಟಾರು ಕೊಟ್ರೇಶಿ ಅಲ್ಲೇನೋ? ಸಾಕ್ಷಿ ಹೇಳಾವ!" ಅಜ್ಜಿಗೆ ಹಿಗ್ಗೋ ಹಿಗ್ಗು.

ನಾಲ್ಕನೇ ದಿನ ಬೆಳಿಗ್ಗೆ ಫೋನು ಬಂತು. "ಮಾಗಳದ ಹೊಳಿ ನೀರು ಒಗ್ಗಿತೇನ್ರಿ?" ಅದೇ ಟ್ರ್ಯಾಕ್ಟರಿನವನ ದನಿ. ಅಧಿಕಾರಿಗೆ ತಿಳಿಸಿದೆ. ಸಂಜೆಯೊಳಗೆ ಬೇರೆಡೆಗೆ ಸಾಗಿಸುತ್ತೇವೆ, ಹೊರಗೆ ಬರಬೇಡಿ ಎಂದರು.

ಮಧ್ಯಾಹ್ನ ಯಾವುದೋ ಗಾಡಿ ಮನೆ ಮುಂದೆ ನಿಂತಿತು. ಯಾರೋ ಬಾಗಿಲು ದಬದಬ ಬಡಿದರು. ನಾನು ಅಜ್ಜಿಯ ಖಾಲಿ ಜೋಳದ ಕಣಜದೊಳಕ್ಕೆ ಹಾರಿ ಮುದುಡಿ ಕುಳಿತೆ. ಹೊಟ್ಟೆ ಸಿಕ್ಕಿಕೊಂಡಿತು. ದೂಳಿಗೆ ಸೀನು ಬಂತು! ಅಜ್ಜಿ ಬಾಗಿಲು ತೆಗೆದದ್ದು ಕೇಳಿತು; ಹೆಜ್ಜೆ ಕಣಜದ ಹತ್ತಿರವೇ ಬಂತು. ಮುಗಿಯಿತು ನನ್ನ ಕತೆ ಎಂದು ಕಣ್ಣು ಮುಚ್ಚಿದೆ.

"ಅಣ್ಣಾ, ನಾನು ಹುಸೇನಬಿ."

"ನೀ... ಇಲ್ಲಿಗೆ ಹೆಂಗ ಬಂದಿ?" ಎಂದೆ ಒಳಗಿಂದಲೇ.

"ಆಟೋದಾಗ. ಓಣ್ಯಾಗ ಕೇಳಿದೆ, ಎಲ್ಲಾರೂ ದಾರಿ ಹೇಳಿದ್ರು. ನಾಡಿದ್ದು ಕೋರ್ಟು ಐತಿ. ನೀವು ಬರದಿದ್ರ ನನ್ನ ಕೇಸು ನಿಲ್ಲಂಗಿಲ್ಲಂತ."

"ಹೆದರಿಕಿ ಆಗ್ತೈತವ್ವಾ. ಏನೂ ನೋಡಿಲ್ಲ ಅಂತ ಹೇಳಿಬಿಡ್ಲೇನು ಅನ್ಸಾಕತ್ತೈತಿ."

ಅವಳು ಕಣಜದೊಳಗೆ ಇಣುಕಿದಳು. "ನನಗೂ ಹೆದರಿಕಿ ಐತಣ್ಣಾ. ಅವ ದಿನಾ ಟ್ರ್ಯಾಕ್ಟರ್ ತಂದು ಅಲ್ಲೇ ನಿಲ್ಲಿಸ್ತಾನ. ನಾ ದಿನಾ ಅಂಗಡಿ ತೆಗಿತೀನಿ. ಹೊಡಿಸ್ಕೊಂಡಾಕಿ ನಾನು. ನೀವು ಬರೀ ನೋಡಿದವರು."

ನಾಚಿಕೆಯಿಂದ ಅಲ್ಲೇ ಇದ್ದುಬಿಡೋಣ ಎನಿಸಿತು. ಹೊರಬರಲೂ ಆಗುತ್ತಿರಲಿಲ್ಲ ಬಿಡಿ. ಸರಿಯಿದ್ದ ಎಡಗೈಯಿಂದ ಅವಳೇ ನನ್ನನ್ನು ಎಳೆದು ತೆಗೆದಳು.

ಕೋರ್ಟಿನಲ್ಲಿ ಕಂಡದ್ದನ್ನು ಕಂಡಂತೆ ಹೇಳಿದೆ. ಹೊರಗೆ ಬರುವಾಗ ಅವನು ಬಾಗಿಲಲ್ಲೇ ನಿಂತು ದುರುಗುಟ್ಟುತ್ತಿದ್ದ. ರಕ್ಷಣೆಗೆಂದು ಕೊಟ್ಟ ಇಬ್ಬರು ಪೊಲೀಸರು ನನ್ನ ಹಿಂದಿದ್ದರು. ನಾನು ಹುಸೇನಬಿಯ ಹಿಂದಿದ್ದೆ!