ಮಡಿಪಂಚೆಯ ಮೇಲೆ ಮೂರು ಪಟ್ಟಿ

ಆ ಸೋಮವಾರ ಕಮಲಾಕರನಿಗೆ ತುರ್ತಾಗಿ ಒಂದು ಹಾಯಿ ಬೇಕಾಗಿತ್ತು. ಹಾಯಿ ಸಿಗದಿದ್ದರೆ ಹಾಯಿಯ ಹಾಗೆ ಕಾಣುವ ಯಾವ ಬಟ್ಟೆಯಾದರೂ ಆಗುತ್ತಿತ್ತು. ಸಂಜೆ ಆಫೀಸಿನಲ್ಲಿ ಅದರ ವಿಡಿಯೋ ತೋರಿಸದಿದ್ದರೆ ಅವನ ಮಾನ ಅಡ್ಯಾರಿನ ಬೀದಿಯಲ್ಲಿ ಹರಾಜಾಗುವುದು ಖಂಡಿತ.

ಅವನ ಕಂಪನಿಯ ಕಸುಬೇ ಫೋಟೋ ನೋಡಿ ಅಳತೆ ಹೇಳುವುದು. ಗೋಡೆಯ ಬಿರುಕು, ಸೇತುವೆಯ ಬಾಗು ಅಳೆದುಕೊಂಡು ತೆಪ್ಪಗಿದ್ದವರಿಗೆ ಹೋದ ತಿಂಗಳು ಒಂದು ಹಾಯಿದೋಣಿ ಕ್ಲಬ್ಬಿನ ಕೆಲಸ ಬಂತು. ಪಂದ್ಯದ ದೋಣಿಯ ಹಾಯಿ ಗಾಳಿಗೆ ಎಷ್ಟು ಉಬ್ಬುತ್ತದೆ, ಅದರ ಹೊಟ್ಟೆ ಇರಬೇಕಾದ ಕಡೆ ಇದೆಯೋ ಹಿಂದಕ್ಕೆ ಜಾರಿದೆಯೋ ಎಂದು ಹೇಳಬೇಕು. ಹಾಯಿಗೆ ಅಡ್ಡಲಾಗಿ ಮೂರು ಕಪ್ಪು ಪಟ್ಟಿ ಅಂಟಿಸಿ ಕೆಳಗಿನಿಂದ ಮೇಲಕ್ಕೆ ವಿಡಿಯೋ ತೆಗೆದರೆ ಸಾಕು, ಪಟ್ಟಿಗಳ ಬಾಗು ನೋಡಿ ಕಂಪ್ಯೂಟರ್ ಉಳಿದದ್ದನ್ನು ಲೆಕ್ಕ ಹಾಕುತ್ತದೆ. ದೋಣಿಗೆ ಯಾರು ಹೋಗುತ್ತೀರಿ ಎಂದು ಮಾಲೀಕ ಗುರುಚರಣ ಕೇಳಿ ಮುಗಿಸುವ ಮೊದಲೇ ಕಮಲಾಕರ ಕೈ ಎತ್ತಿದ್ದ.

“ನಂಗೆ ಸಮುದ್ರ ಹೊಸದಲ್ಲ ಸಾರ್. ಚಿಕ್ಕ ವಯಸ್ಸಿಂದ ಪಳಕ್ಕ,” ಎಂದಿದ್ದ.

ತಮಿಳಿನವರು ಹೇಳುವ ಆ ಪಳಕ್ಕ, ಅಂದರೆ ಒಡನಾಟ, ಇದ್ದದ್ದು ನಿಜ, ಮರಳಿನ ಮೇಲೆ ಕೂತು ಸುಂಡಲ್ ತಿನ್ನುವಷ್ಟರ ಮಟ್ಟಿಗೆ. ಭಾನುವಾರ ರಾಯಪುರಂ ಕಡೆಯ ಬಂದರಿನಿಂದ ದೋಣಿ ಹೊರಟು ಮೊದಲ ಅಲೆ ಏರಿದ್ದೇ ತಡ, ಬೆಳಗಿನ ಪೊಂಗಲ್ ಬಂದ ದಾರಿ ಹಿಡಿಯಿತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಕೆಟ್ಟು ಹಿಡಿದಿದ್ದವನು ಆಮೇಲೆ ಎರಡೂ ಕೈಯಿಂದ ಬಕೆಟ್ಟನ್ನೇ ಅಪ್ಪಿಕೊಂಡ. ದಡ ಸೇರುವವರೆಗೂ ತಲೆ ಎತ್ತಲಿಲ್ಲ, ಕಣ್ಣು ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಫೋನಿನಲ್ಲಿ ಇದ್ದದ್ದು ಯಾರದೋ ಕಾಲು. ಅಷ್ಟರಲ್ಲಿ ಗುರುಚರಣ ಫೋನ್ ಮಾಡಿ ವಿಡಿಯೋ ಹೇಗೆ ಬಂತು ಎಂದು ಕೇಳಿದರು. ಇವನು ನಾಚಿಕೆಗೆ ಬಿದ್ದು “ಸೂಪರ್ ಸಾರ್” ಎಂದುಬಿಟ್ಟ.

ಹಾಗಾಗಿ ಸೋಮವಾರ ಮಧ್ಯಾಹ್ನ, ಹೆಂಡತಿ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ, ಕಮಲಾಕರ ತಾರಸಿ ಹತ್ತಿದ. ಸಮುದ್ರದ ಗಾಳಿ ಆಗ ತಾನೇ ಬೀಸತೊಡಗಿತ್ತು. ಮೊದಲು ತನ್ನ ಮನೆಯ ಹೊದಿಕೆ ಕಟ್ಟಿ ನೋಡಿದ. ಅದರ ತುಂಬ ಸೂರ್ಯಕಾಂತಿ ಹೂ, ಯಾವ ದೋಣಿಯೂ ಅಂಥದ್ದನ್ನು ಏರಿಸಿಕೊಂಡು ಪಂದ್ಯಕ್ಕೆ ಹೋಗುವುದಿಲ್ಲ. ಹತಾಶನಾಗಿ ತಲೆ ಎತ್ತಿದಾಗ ಎತ್ತರದ ಹಗ್ಗದ ಮೇಲೆ ಪಕ್ಕದ ಮನೆಯ ವಿಷ್ಣುತೀರ್ಥಾಚಾರ್ಯರ ಮಡಿಪಂಚೆ ಕಂಡಿತು. ಅಚ್ಚ ಬಿಳುಪು, ಒಳ್ಳೆ ಅಗಲ.

ಆ ಪಂಚೆಯನ್ನು ಆಚಾರ್ಯರು ಕೋಲಿನಿಂದಲೇ ಹರವಿ ಕೋಲಿನಿಂದಲೇ ತೆಗೆಯುತ್ತಿದ್ದರು. ಅವರ ಹೆಂಡತಿಗೂ ಅದನ್ನು ಸುಮ್ಮನೆ ಮುಟ್ಟುವ ಅಧಿಕಾರ ಇರಲಿಲ್ಲ. ಕಮಲಾಕರನೂ ಮಾಧ್ವರ ಮನೆಯಲ್ಲೇ ಹುಟ್ಟಿದವನು, ಮಡಿ ಎಂದರೇನೆಂದು ಬಲ್ಲವನು. ಮನಸ್ಸು ಬೇಡ ಬೇಡ ಎಂದಿತು. ಆದರೂ ಸ್ಟೂಲ್ ಹತ್ತಿ ಪಂಚೆಗೆ ಅಡ್ಡಲಾಗಿ ಮೂರು ಕಪ್ಪು ಟೇಪು ಅಂಟಿಸಿದ, ಕೆಳಗಿನ ತುದಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಬಿಗಿದ, ಅದರಡಿ ಅಂಗಾತ ಮಲಗಿ ವಿಡಿಯೋ ತೆಗೆದ. ಪಂಚೆ ಗಾಳಿ ಕುಡಿದು ಮದುವೆಯೂಟ ಮುಗಿಸಿದವರ ಹೊಟ್ಟೆಯಂತೆ ಉಬ್ಬಿತು. ಮಾನ ಉಳಿಯಿತು ಎಂದು ಫೋನನ್ನು ಜೇಬಿಗೆ ಹಾಕಿ ಅಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿದ.

“ಯಾಕ್ರೀ ಕಮಲಾಕರ ಅವರ, ಬಿಸಲಾಗ ಹಿಂಗ್ಯಾಕ ಬಿದ್ದೀರಿ? ಚಕ್ಕರ್ ಬಂತೇನು?”

ಮೇಲಿನ ಮಹಡಿಯ ಸುಮಿತ್ರಮ್ಮ. ಗಂಡನ ವ್ಯಾಪಾರಕ್ಕೆಂದು ಹುಬ್ಬಳ್ಳಿಯಿಂದ ಬಂದು ಇಲ್ಲೇ ನೆಲೆಸಿದವರು, ಹಣೆಯ ಮೇಲೆ ದಿನವೂ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ. ಒಣಗಿದ ಮೆಣಸಿನಕಾಯಿ ತೆಗೆಯಲು ಮೊರ ಹಿಡಿದು ಬಂದಿದ್ದರು. ಅವರಿಗೆ ನಿಜ ಹೇಳಲು ಕಮಲಾಕರನಿಗೆ ನಾಲಿಗೆ ಏಳಲಿಲ್ಲ.

“ಹೌದಮ್ಮ, ಸ್ವಲ್ಪ ಮಯಕ್ಕದ ಥರ,” ಎಂದ.

“ಅಲ್ಲಾಡಬ್ಯಾಡ್ರಿ. ಮಜ್ಜಿಗಿ ತರ್ತೀನಿ.”

ಕಮಲಾಕರ ಬಿದ್ದಿದ್ದಾನೆಂದು ಮೆಟ್ಟಿಲುದ್ದಕ್ಕೂ ಸಾರುತ್ತ ಇಳಿದವರು ಮಜ್ಜಿಗೆಯ ಜೊತೆಗೆ ವಿಷ್ಣುತೀರ್ಥಾಚಾರ್ಯರನ್ನೂ ಕರೆತಂದರು. ಅವನ ತಲೆ ಎತ್ತಿ ಹಿಡಿದು ಕುಡಿಸಿದರು. ಸೆಕೆ ಎಂದು ಮೆಣಸಿನಕಾಯಿಯ ಮೊರದಿಂದಲೇ ಗಾಳಿ ಬೀಸಿದರು. ಕಮಲಾಕರನ ಕಣ್ಣು ಮೂಗು ಒಟ್ಟಿಗೆ ಸುರಿಯತೊಡಗಿ, ಕಾಯಿಲೆ ನಿಜವೆಂದು ಎಲ್ಲರಿಗೂ ಖಾತ್ರಿಯಾಯಿತು.

ಅದೇ ಹೊತ್ತಿಗೆ ಆಚಾರ್ಯರು ಮೇಲೆ ನೋಡಿದರು.

“ಎನ್ನ ಇದು? ನನ್ನ ಮಡಿಪಂಚೆಗೆ ಅಡ್ಡಪಟ್ಟೆ ಎಳೆದವರು ಯಾರು?”

ಅವರು ಪಂಚೆಯ ಮೇಲಿನ ಮೂರು ಪಟ್ಟಿ ನೋಡಿದರು. ಆಮೇಲೆ ಸುಮಿತ್ರಮ್ಮನ ಹಣೆ ನೋಡಿದರು. ಮತ್ತೆ ಪಂಚೆ ನೋಡಿದರು.

“ಅಮ್ಮಾ, ನೀವು ಶಿವನ ಕಡೆಯವರು, ಸರಿ. ಅದಕ್ಕಂತ ನಮ್ಮ ಪಂಚೆಗೂ ದೀಕ್ಷೆ ಕೊಡಬೇಕಾ?”

“ನಾವ್ಯಾಕ ನಿಮ್ಮ ಪಂಚಿ ಮುಟ್ಟೋಣ್ರಿ? ವಿಭೂತಿ ಹಣಿಗೆ ಹಚ್ಕೋತೀವಿ, ಪಂಚಿಗಲ್ಲ. ಅದ್ರಾಗ ಕರೀ ವಿಭೂತಿ ಎಲ್ಲಿ ಕಂಡೀರಿ?”

“ಮತ್ತೆ ಮೆಟ್ಟಿಲು ಹತ್ತಿ ಈ ಮೊಟ್ಟಮಾಡಿಗೆ ಬಂದವರು ಬೇರೆ ಯಾರು? ಇವನಂತೂ ಪಾಪ, ತಲೆ ಸುತ್ತಿ ಬಿದ್ದಿದಾನೆ.”

ನಿಜ ಹೇಳಬೇಕಾದ ಹೊತ್ತು ಅದು. ‘ನಾನೇ’ ಎಂಬ ಒಂದು ಮಾತು ಗಂಟಲವರೆಗೂ ಬಂತು. ಕಮಲಾಕರ ಮಜ್ಜಿಗೆಯ ಜೊತೆ ಅದನ್ನೂ ನುಂಗಿದ. ಸುಮಿತ್ರಮ್ಮನ ಕಣ್ಣು ತುಂಬಿತು.

“ಇಷ್ಟು ವರ್ಷ ಒಂದ ಕಟ್ಟಡದಾಗ ಇದ್ದು ಇಂಥಾ ಮಾತು ಕೇಳಬೇಕಾತು,” ಎಂದಷ್ಟೇ ಹೇಳಿದರು. ಹೋಗುವಾಗಲೂ ಉಳಿದ ಮಜ್ಜಿಗೆಯನ್ನು ಅವನ ಲೋಟಕ್ಕೆ ಸುರಿದೇ ಹೋದರು. ನಾಲ್ಕು ಬಾರಿಸಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ತನ್ನ ಮುಖ ತನಗೇ ಬೇಡವಾಗಿ ಆಫೀಸಿಗೆ ಹೊರಟ.

ಸಂಜೆ ಕ್ಲಬ್ಬಿನ ಕ್ಯಾಪ್ಟನ್ ಸಮೀರ್ ಬಂದವನೇ ಏನೋ ಹೇಳಲು ಬಾಯಿ ತೆರೆದ. ಗುರುಚರಣ ಆಗಲೇ ದೀಪ ಆರಿಸಿದ್ದರು.

“ಮೊದಲು ನೋಡಿ ಸಾರ್. ಮಾತು ಆಮೇಲೆ.”

ಪರದೆಯ ತುಂಬ ನೀಲಿ ಆಕಾಶ, ಉಬ್ಬಿದ ಬಿಳಿ ಬಟ್ಟೆ, ಅದರ ಮೇಲೆ ಮೂರು ಕಪ್ಪು ಪಟ್ಟಿ. ಅಕ್ಕಪಕ್ಕದ ಹಗ್ಗ, ಟ್ಯಾಂಕುಗಳನ್ನೆಲ್ಲ ಕಮಲಾಕರ ಕತ್ತರಿಸಿ ತೆಗೆದಿದ್ದ. ಅವನ ಮಾತು ಹೋಗುತ್ತ ಹೋಗುತ್ತ ಕಳೆಗಟ್ಟಿತು. ಕೆಳಭಾಗದ ಹೊಟ್ಟೆ ತುಸು ಹೆಚ್ಚಾಗಿದೆ, ಅದೂ ನಡುವಿಗಿಂತ ಹಿಂದಕ್ಕೆ ಸರಿದಿದೆ, ನಿನ್ನೆಯ ಗಾಳಿಗೆ ಹಗ್ಗ ಇನ್ನಷ್ಟು ಬಿಗಿದಿದ್ದರೆ ದೋಣಿ ಬೇಗ ಓಡುತ್ತಿತ್ತು ಎಂದು ವಿವರಿಸಿದ. ಗುರುಚರಣರ ಮುಖ ಅರಳಿತು.

ದೀಪ ಹತ್ತಿದಾಗ ಸಮೀರ್ ಗಲ್ಲ ಕೆರೆದುಕೊಳ್ಳುತ್ತಿದ್ದ.

“ರೊಂಬ ಚೆನ್ನಾಗಿದೆ. ಆದ್ರೆ ನಾನು ಬಂದಿದ್ದು ನಿಮ್ಮ ಹತ್ರ ಸಾರಿ ಕೇಳೋಕೆ, ಕಮಲಾಕರ್ ಅವರೇ.”

“ನನ್ನ ಹತ್ರ ಯಾಕೆ?”

“ನಿನ್ನೆ ಬಂದರು ದಾಟೋಕೆ ಮುಂಚೇನೇ ನಿಮಗೆ ಹಾಗಾಯ್ತಲ್ಲ, ನೋಡಿ ನಮಗೇ ಭಯ ಆಯ್ತು. ಮೋಟರಲ್ಲೇ ವಾಪಸ್ ಕರ್ಕೊಂಡು ಬಂದ್ವಿ. ಹಾಯಿ ಏರಿಸಲೇ ಇಲ್ಲ, ಚೀಲದಿಂದ ಹೊರಗೇ ತೆಗೀಲಿಲ್ಲ. ನಿಮ್ಮ ಒಂದು ದಿನ ವೇಸ್ಟ್ ಆಯ್ತು, ಮನ್ನಿಸಬೇಕು ಅಂತ ಬಂದೆ.”

ಸಮೀರ್ ಪರದೆಯ ಕಡೆ ತಿರುಗಿ, ಕುಹಕ ಇಲ್ಲದೆ ಕೇಳಿದ, “ಇದು ಯಾವ ಬೋಟಿಂದು?”

ಆ ಮರ್ಯಾದೆಯ ಪ್ರಶ್ನೆಯ ಮುಂದೆ ಕಮಲಾಕರನಿಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ತಲೆ ತಗ್ಗಿಸಿ ಪಂಚೆ, ಟೇಪು, ಮಜ್ಜಿಗೆ, ಸುಮಿತ್ರಮ್ಮನ ಕಣ್ಣೀರು ಎಲ್ಲವನ್ನೂ ಹೇಳಿದ. ಗುರುಚರಣ ಪರದೆಯ ಮೇಲೆ ನಿಂತಿದ್ದ ಆಚಾರ್ಯರ ಪಂಚೆಯ ಕಡೆ ಬೆರಳು ತೋರಿಸಿದರು.

“ಲೆಕ್ಕ ಮಾತ್ರ ಸರಿ ಇದೆ ತಾನೇ?”

“ಇದೆ ಸಾರ್.”

“ಹಾಗಾದ್ರೆ ಬರೋ ಭಾನುವಾರ ಮತ್ತೆ ದೋಣಿ ಹತ್ತಿ. ಅವರ ಹಾಯಿ ಅಳೆದು ತರೋವರೆಗೂ ಇಳೀಬೇಡಿ. ಈಗ ಮನೆಗೆ ಹೋಗಿ ಆ ಅಮ್ಮನಿಗೆ, ಆಚಾರ್ಯರಿಗೆ, ಇಬ್ಬರನ್ನೂ ಕೂರಿಸಿ ನಿಜ ಹೇಳಿ.”

ಕಮಲಾಕರ ಎದ್ದು ಬಾಗಿಲವರೆಗೆ ಹೋದ. ಮೆಟ್ಟಿಲು, ಸುಮಿತ್ರಮ್ಮನ ಬಾಗಿಲು, ಅವರು ಕೈಗೆ ಕೊಡಲಿರುವ ಮಜ್ಜಿಗೆಯ ಲೋಟ ಎಲ್ಲ ಕಣ್ಣಿಗೆ ಕಟ್ಟಿ, ಹಿಂತಿರುಗಿ ಸಮೀರನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ:

“ಸಾರ್, ದೋಣಿಗೆ ಇವತ್ತೇ ಹೋಗಬಹುದಾ?”