ಅತ್ತೆಯ ಮೆಟ್ಟಿಲಿಗೆ ಐದು ವೋಲ್ಟು

ಮನೆಯಲ್ಲೊಬ್ಬ ಭೌತಶಾಸ್ತ್ರದ ಮೇಷ್ಟ್ರಿದ್ದರೆ ಸಣ್ಣ ರಿಪೇರಿಯೂ ಬೇಗ ಮುಗಿಯುವುದಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿದರೆ ಮೇಷ್ಟ್ರ ಮರ್ಯಾದೆಗೆ ಕಡಿಮೆ. ತಾನೇ ಮಾಡೋಣವೆಂದರೆ ಮೊದಲು ಯೋಚಿಸಬೇಕು. ಯೋಚಿಸುವುದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ, ಮಾಡುವುದು ಅಷ್ಟಾಗಿ ಇಲ್ಲ. ಹೊಳೆನರಸೀಪುರದ ನಮ್ಮ ಬೀದಿಗೆಲ್ಲ ಇದು ಗೊತ್ತು. ಗೊತ್ತಿಲ್ಲದವರು ನಮ್ಮ ಅತ್ತೆ ಒಬ್ಬರೇ ಇದ್ದರು.

ಅತ್ತೆ ರುದ್ರಪಟ್ಟಣದವರು, ಹಾಡುಗಾರ್ತಿ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಬೆಳಗಿನ ಜಾವ, ನಾವೆಲ್ಲ ಏಳುವ ಮೊದಲೇ, ಮೂರು ಮೆಟ್ಟಿಲಿಳಿದು ಹಿತ್ತಿಲ ಕಡೆಯ ಕೋಣೆಯಲ್ಲಿ ಕೂತು ಸಾಧನೆ ಮಾಡುವುದು ಅವರ ರೂಢಿ. ಒಂದು ದಿನ ಕರೆಂಟಿಲ್ಲದಾಗ ಕಾಲು ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಆದರೆ ಧೈರ್ಯ ಹೋಯಿತು. ಆ ಕೋಣೆಗೆ ಹೋಗುವುದನ್ನೇ ಬಿಟ್ಟರು. “ನಡುಮನೇಲೇ ಹಾಡಮ್ಮ” ಎಂದು ನನ್ನಾಕೆ ಹೇಳಿದರೆ, “ಮಲಗಿರೋರ ತಲೆ ಹತ್ರ ಕೂತು ಹಾಡಕ್ಕಾಗತ್ತೇನೆ?” ಎನ್ನುತ್ತಿದ್ದರು. ಕಾಫಿ ಲೋಟ ಹಿಡಿದು ಸುಮ್ಮನೆ ಗೋಡೆ ನೋಡುತ್ತಾ ಕೂತ ಅವರನ್ನು ಕಂಡು ನನಗೆ ಸಂಕಟವಾಯಿತು. “ಮೆಟ್ಟಿಲಿಗೆ ಬ್ಯಾಟರಿ ಮೇಲೆ ಉರಿಯೋ ಪುಟ್ಟ ಎಲ್‌ಇಡಿ ದೀಪ ಹಾಕ್ತೀನಿ” ಎಂದು ಘೋಷಿಸಿಬಿಟ್ಟೆ.

ಬ್ಯಾಟರಿ ಹನ್ನೆರಡು ವೋಲ್ಟಿನದು, ದೀಪಗಳಿಗೆ ಬೇಕಾದದ್ದು ಐದು. ನಡುವೆ ಒಂದು ವೋಲ್ಟೇಜ್ ರೆಗ್ಯುಲೇಟರ್ ಬೇಕು. ಅದರಲ್ಲಿ ಎರಡು ಬಗೆ. ಹಳೆಯದಕ್ಕೆ ಮೂರು ಕಾಲು. ಹೆಚ್ಚಾದ ವೋಲ್ಟೇಜನ್ನು ಬಿಸಿಯಾಗಿ ಕಳೆದುಬಿಡುತ್ತದೆ. ಹೊಸದು ಕಣ್ಣಿಗೆ ಕಾಣದ ವೇಗದಲ್ಲಿ ಆನ್ ಆಫ್ ಆಗುತ್ತಾ ಬೇಕಾದಷ್ಟನ್ನೇ ಕೊಡುತ್ತದೆ. ಬಿಸಿಯೂ ಕಡಿಮೆ, ಬ್ಯಾಟರಿಯೂ ಉಳಿಯುತ್ತದೆ. ಯಾವುದು ಮೇಲೆಂದು ನಾನು ತೂಗಿ ನೋಡುತ್ತಿದ್ದಂತೆ ವಾರಗಳು ಕಳೆದವು. ಕೊನೆಗೆ ಹಾಸನಕ್ಕೆ ಹೋಗಿ ಅಂಗಡಿಯವನಿಗೆ ಎರಡರ ಗುಣದೋಷಗಳನ್ನೂ ವಿವರಿಸಿದೆ. ಆತ ಆಕಳಿಸಿ, “ಎರಡೂ ತಗಂಡೋಗಿ ಸಾ. ಮನೇಲಿ ಯಾವ್ದು ಒಪ್ತಾರೋ ಅದ ಇಟ್ಕಳಿ” ಅಂದ.

ಮೊದಲು ಮೂರು ಕಾಲಿನದನ್ನು ಹಾಕಿದೆ. ಗೋಡೆಯುದ್ದಕ್ಕೂ ಅಂಟಿಸಿದ್ದ ದೀಪದ ಪಟ್ಟಿ ಝಗ್ಗೆಂದಿತು. ರೆಗ್ಯುಲೇಟರ್ ಮುಟ್ಟಲಾಗದಷ್ಟು ಕಾಯಿತು. “ಇದ್ರ ಮೇಲೆ ಒಗ್ಗರಣೆ ಹಾಕ್ಬೋದು ಕಣ್ರೀ” ಅಂದಳು ನನ್ನಾಕೆ. ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ತಣ್ಣಗಿತ್ತು. ಮರುದಿನ ಬೆಳಗ್ಗೆ ಅತ್ತೆ ಮಗಳ ಕೈ ಹಿಡಿದು ಇಳಿದರು. ತಂಬೂರಿ ಮೀಟಿ, ಕಣ್ಣು ಮುಚ್ಚಿ, ಬಾಯಿ ತೆರೆದವರು ಹಾಗೇ ನಿಲ್ಲಿಸಿದರು.

“ಏನೋ ಕುಯ್ ಅಂತಿದೆಯಲ್ಲ, ಅಳಿಯಂದ್ರೇ?”

ನನಗೇನೂ ಕೇಳಿಸಲಿಲ್ಲ. ಹೆಂಡತಿಗೆ ಕೇಳಿಸಿತು. ಸದ್ದು ಆ ಹೊಸ ರೆಗ್ಯುಲೇಟರಿನದೇ. “ನಿಷಾದಕ್ಕಿಂತ ಒಂಚೂರು ಕೆಳಗಿದೆ. ಇದರ ಜೊತೆ ಹೇಗೆ ಹಾಡ್ಲಿ?” ಎಂದು ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು. ಕಾಲೇಜಿನಲ್ಲಿ ಶಬ್ದತರಂಗದ ಪಾಠ ಮಾಡುವವನು ನಾನು. ಕಿವಿ ಯಾವಾಗ ಮಂದವಾಯಿತೋ ಗೊತ್ತಾಗಿರಲಿಲ್ಲ.

ಸಂಜೆ ಎರಡನ್ನೂ ಮುಂದಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಅತ್ತೆ ಬಂದು ಹಿಂದೆ ನಿಂತರು. ಒಂದು ಕಾಯುತ್ತದೆ, ಇನ್ನೊಂದು ಹಾಡುತ್ತದೆ ಎಂದು ನನ್ನ ಕಷ್ಟ ಹೇಳಿಕೊಂಡೆ.

“ಅದು ಯಾಕೆ ಕಾಯತ್ತೆ?”

“ದೀಪ ಜಾಸ್ತಿ ಇದೆಯಲ್ಲಮ್ಮ, ಅದಕ್ಕೆ.”

“ಇರೋದು ಮೂರು ಮೆಟ್ಟಿಲು. ಇಷ್ಟೊಂದು ದೀಪ ಯಾಕೆ? ಇದೇನು ಕಲ್ಯಾಣ ಮಂಟಪವೇ?”

ನಾನು ವೋಲ್ಟಿನ ಬಗ್ಗೆ ಯೋಚಿಸಿದ್ದೆ, ಬಿಸಿಯ ಬಗ್ಗೆ ಯೋಚಿಸಿದ್ದೆ. ದೀಪ ಎಷ್ಟು ಬೇಕೆಂದು ಯೋಚಿಸಿರಲೇ ಇಲ್ಲ. ಪಟ್ಟಿಯಲ್ಲಿ ಎಷ್ಟಿತ್ತೋ ಅಷ್ಟನ್ನೂ ಉರಿಸಿದ್ದೆ. ಕತ್ತರಿ ತಂದು ಕತ್ತರಿಸಿ, ಮೆಟ್ಟಿಲಿಗೊಂದರಂತೆ ಉಳಿಸಿ, ಮೂರು ಕಾಲಿನದನ್ನೇ ಮತ್ತೆ ಹಾಕಿದೆ.

ಬೆಳಗಿನ ಜಾವ ಅತ್ತೆ ಒಬ್ಬರೇ ಇಳಿದರು. ಒಂದು ಗಳಿಗೆ ಕಿವಿಗೊಟ್ಟು ಕೂತು, ಭೂಪಾಳ ರಾಗ ಎತ್ತಿಕೊಂಡರು. ಮೊದಲು ಗಂಟಲು ಸ್ವಲ್ಪ ತಡವರಿಸಿ, ಆಮೇಲೆ ತೆರೆದುಕೊಂಡಿತು. ನನ್ನಾಕೆ ಹಾಲಿನ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಡು ಮುಗಿಸಿ ಅತ್ತೆ ಮೆಟ್ಟಿಲ ಮೇಲಿದ್ದ ನನ್ನ ಕಡೆ ತಿರುಗಿದರು.

“ಹೇಗಿತ್ತು?”

ಅಷ್ಟು ಹೊತ್ತೂ ರೆಗ್ಯುಲೇಟರಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದ ನಾನು ತುಂಬು ಮನಸ್ಸಿನಿಂದ ಹೇಳಿದೆ: “ಬಿಸೀನೇ ಆಗಲಿಲ್ಲ ಅಮ್ಮ.”