ಬಾದಾಮಿ ಬಣ್ಣದ ಕಪಾಟು

ಬಣ್ಣದ ವಿಷಯದಲ್ಲಿ ಅಭಿಪ್ರಾಯ ಹೇಳುವುದಕ್ಕೆ ಯಾವ ಅರ್ಹತೆಯೂ ಬೇಕಾಗಿಲ್ಲ. ಹಾಡಿನಲ್ಲಿ ತಪ್ಪು ಹಿಡಿಯುವವನಿಗೆ ‘ಹಾಗಾದರೆ ನೀನೇ ಹಾಡು’ ಎನ್ನಬಹುದು. ಬಿತ್ತನೆಯ ಬಗ್ಗೆ ಬುದ್ಧಿ ಹೇಳುವವನ ಕೈಗೆ ಕೂರಿಗೆ ಕೊಡಬಹುದು. ಆದರೆ ‘ಹಸಿರು ಇದ್ದಿದ್ದರೆ ಚೆನ್ನಾಗಿತ್ತು’ ಎಂದು ಹೇಳಿ, ಚಹಾ ಕುಡಿದು, ಎದ್ದು ಹೋಗುವವನನ್ನು ಯಾರೂ ಏನೂ ಮಾಡುವಂತಿಲ್ಲ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಆ ಹಸಿರಿನೊಡನೆ ಬಾಳುವವರು ಬೇರೆ. ೧೯೮೪ರ ಮಾರ್ಚ್ ತಿಂಗಳಲ್ಲಿ ಕುಷ್ಟಗಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ಒಂದು ಕಪಾಟಿಗೆ ಬಣ್ಣ ಆರಿಸುವ ಕೆಲಸ ನಡೆಯಿತು. ಅಭಿಪ್ರಾಯ ಹೇಳಿದವರು ಒಟ್ಟು ಹದಿನೇಳು ಜನ. ಅವರಲ್ಲಿ ಒಲೆ ಹೊತ್ತಿಸಲು ಬರುತ್ತಿದ್ದವರು ನಾಲ್ವರು. ನಮ್ಮ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಗೊತ್ತಿದ್ದವಳು ಒಬ್ಬಳೇ, ಅವ್ವ.

ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳುವವರಿಗೆ ನನ್ನ ಚಟವನ್ನು ಒಪ್ಪಿಕೊಳ್ಳಬೇಕು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು ಇಪ್ಪತ್ತನಾಲ್ಕು, ದಿನಚರಿ ಬರೆಯುತ್ತೇನೆ. ಕನಸು, ನಿಟ್ಟುಸಿರು, ಹುಣ್ಣಿಮೆ ಇತ್ಯಾದಿ ನನ್ನ ದಿನಚರಿಯಲ್ಲಿ ಇರುವುದಿಲ್ಲ. ಇರುವುದು ತಾರೀಖು ಮತ್ತು ಗೀಟು. ಒಂದಕ್ಕೆ ಒಂದು ಗೀಟು; ನಾಲ್ಕಾದ ಮೇಲೆ ಐದನೆಯದು ಅಡ್ಡ. ನಮ್ಮ ಹೆಡ್ಮಾಸ್ತರರು ಪ್ರಾರ್ಥನೆಯ ವೇಳೆಯಲ್ಲಿ ಆಕಳಿಸಿದ್ದು ಫೆಬ್ರವರಿಯಲ್ಲಿ ನಲವತ್ತೊಂದು ಸಲ. ಅಪ್ಪ ‘ನಾನು ಮೊದಲೇ ಹೇಳಿದ್ದೆ’ ಎಂದದ್ದು ಅದೇ ತಿಂಗಳಲ್ಲಿ ಇಪ್ಪತ್ತಾರು ಸಲ. ನಿಜವಾಗಿಯೂ ಮೊದಲೇ ಹೇಳಿದ್ದು ಎರಡು ಸಲ. ಇದರಿಂದ ಯಾರಿಗೇನು ಉಪಯೋಗ ಎಂದು ಅವ್ವ ಆಗಾಗ ಕೇಳುತ್ತಿದ್ದಳು. ಸತ್ಯಕ್ಕೆ ಉಪಯೋಗದ ಹಂಗಿಲ್ಲ ಎಂದು ನಾನು ಉತ್ತರಿಸುತ್ತಿದ್ದೆ. ಸಂಬಳ ತರುವ ಮಗಳಾದ್ದರಿಂದ ಇಂಥ ಮಾತುಗಳನ್ನು ಮನೆಯಲ್ಲಿ ಸಹಿಸುತ್ತಿದ್ದರು.

ಕಪಾಟಿನ ಕತೆ ಶುರುವಾದದ್ದು ಅವ್ವನ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ‘ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಯೋಣ’ ಎಂದು ಡಾಕ್ಟರು ಹೇಳಿದ್ದರು, ಪೊರೆಯೆಂದರೆ ತೊಗರಿಕಾಯಿ ಎಂಬಂತೆ. ನಮ್ಮ ಅಡುಗೆಮನೆ ಒಂಬತ್ತು ಅಡಿ ಉದ್ದ, ಆರೂವರೆ ಅಡಿ ಅಗಲ. ಇರುವ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಯನ್ನು ನೋಡುತ್ತದೆ. ಆ ಮಬ್ಬಿನಲ್ಲಿ ಒಂದೇ ಅಳತೆಯ ಹೊಳೆಯುವ ಡಬ್ಬಿಗಳು ಸಾಲಾಗಿ ನಿಂತಿರುತ್ತಿದ್ದವು. ಅಮಾವಾಸ್ಯೆಯ ದಿನ ಮನೆ ತುಂಬ ನೆಂಟರು. ದೇವರಿಗೆ ಎಡೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ಅವ್ವ ಹೋಳಿಗೆಯ ಕಟ್ಟಿನ ಸಾರಿಗೆ ಉಪ್ಪೆಂದು ಅಡುಗೆ ಸೋಡಾ ಹಾಕಿದಳು. ಹುಣಸೆಹುಳಿಗೆ ಸೋಡಾ ಬಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಅಂದು ಕಣ್ಣಾರೆ ಕಂಡೆ. ಸಾರು ನೊರೆಯಾಗಿ ಎದ್ದು, ಪಾತ್ರೆ ದಾಟಿ, ಒಲೆ ಆರಿಸಿ, ನೆಲಕ್ಕೆ ಇಳಿಯಿತು.

ನೆಂಟರು ಹೋದ ಮೇಲೆ ಅಪ್ಪ ಅಂದರು: “ಇನ್ನ ನಿನ್ನ ಕೈಲೆ ಆಗಂಗಿಲ್ಲ ಬಿಡು. ಕುಕನೂರಿಂದ ಅಕ್ಕನ್ನ ಕರಸ್ತೀನಿ. ಆಕಿ ಅಡಗಿಮನಿ ನೋಡಿಕೊಳ್ಳಲಿ, ನೀ ಆರಾಮ ಕುಂದ್ರು.”

ಅವ್ವನ ಮುಖ ಸಾರಿಗಿಂತ ಬೇಗ ಇಳಿಯಿತು. ಕುಕನೂರಿನ ಅತ್ತೆ, ಅಂದರೆ ಅಪ್ಪನ ಅಕ್ಕ, ಒಮ್ಮೆ ಹದಿನೈದು ದಿನ ನಮ್ಮಲ್ಲಿದ್ದು, ಅವ್ವನ ರೊಟ್ಟಿಯನ್ನು ಬೆಳಕಿಗೆ ಹಿಡಿದು ‘ಇದ್ಯಾ ದೇಶದ ನಕಾಶೆ?’ ಎಂದು ಕೇಳಿದವರು. “ಕಣ್ಣ ಹೋದ್ರೂ ಹೋಗ್ಲಿ ಯವ್ವಾ,” ಎಂದು ಅವ್ವ ನನ್ನ ಹತ್ತಿರ ಅಂದಳು, “ಆಕಿ ಕೈಯಾಗಿನ ಸೌಟ ನೋಡೂದ್ ತಪ್ಪತೈತಿ. ಆದ್ರ ಅಡಗಿಮನಿ ಬಿಟ್ಟ ನಾ ಎಲ್ಲಿ ಕುಂದ್ರಲಿ?”

ಆದ್ದರಿಂದ ಕಪಾಟು ಮಾಡಿಸೋಣ ಎಂದದ್ದು ನಾನು. ಮೇಲೆ ಮೂರು, ಕೆಳಗೆ ಮೂರು, ಆರು ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದೊಂದು ಸಾಮಾನು. ಗೋಡೆಗೂ ಕಪಾಟಿಗೂ ತಿಳಿ ಬಣ್ಣ, ಬೆಳಕು ಹೆಚ್ಚಬೇಕು, ಅವ್ವನಿಗೆ ಕಾಣಬೇಕು. ಇಷ್ಟೇ ವಿಷಯ. ಮಾರ್ಚ್ ನಾಲ್ಕು, ಭಾನುವಾರ, ಅಪ್ಪ ಇದನ್ನು ಪಡಸಾಲೆಯಲ್ಲಿ ತಮ್ಮ ಗೆಳೆಯರ ಸಭೆಯ ಮುಂದಿಟ್ಟರು, ಅಲ್ಲಿಗೆ ಕೆಟ್ಟಿತು.

ಅಪ್ಪನ ವಾದ ಕಂದು ಬಣ್ಣದ್ದು. “ಹೊಲಸು ಕಾಣೂದಿಲ್ಲ” ಎಂಬುದು ಅವರ ಒಂದೇ ಕಾರಣ. ಹೊಲಸು ಕಾಣದಿದ್ದರೆ ಹೊಲಸು ಇಲ್ಲ ಎಂಬ ಈ ಸಿದ್ಧಾಂತದ ಮೇಲೆಯೇ ಅವರು ತಮ್ಮ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದಾರೆ. ಅವರ ಗೆಳೆಯರೊಬ್ಬರು ವಾರ್ನಿಷು ಎಂದರು, ಇನ್ನೊಬ್ಬರು ವಾರ್ನಿಷು ಹಚ್ಚಿದರೆ ಕಟ್ಟಿಗೆ ಉಸಿರಾಡುವುದಿಲ್ಲ ಎಂದರು. ಕಡಿದು, ಕೊರೆದು, ಮೊಳೆ ಹೊಡೆದ ಮೇಲೂ ಕಟ್ಟಿಗೆ ಉಸಿರಾಡಬೇಕು ಎಂಬ ಅವರ ಕಾಳಜಿಯಲ್ಲಿ ಕಾಲು ಭಾಗ ತಮ್ಮ ಹೆಂಡತಿಯ ಮೇಲೆ ಇದ್ದಿದ್ದರೆ ಅವರ ಅಡುಗೆಮನೆಗೂ ಒಂದು ಕಿಟಕಿ ಬರುತ್ತಿತ್ತು. ಹೊಳಪಿರಬೇಕೋ ಮಂಕಾಗಿರಬೇಕೋ ಎಂಬ ಬಗ್ಗೆ ಒಂದು ಗಂಟೆ ಹತ್ತು ನಿಮಿಷ ಚರ್ಚೆಯಾಯಿತು. ಆ ಅವಧಿಯಲ್ಲಿ ಅವ್ವ ಮೂರು ಸಲ ಚಹಾ ತಂದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಎರಡನೆಯ ಸಲ ಮಾತ್ರ ಅಪ್ಪ ಸಕ್ಕರೆ ಕೇಳಿದರು.

ಅಷ್ಟರಲ್ಲಿ ಗಂಗಾವತಿ ಕಡೆಯ ಸಿದ್ದಾಪುರದಿಂದ ಅವ್ವನ ತಮ್ಮ, ನನ್ನ ಸೋದರಮಾವ, ಬಂದ. ಕಾಲುವೆ ನೀರು ಬಂದ ಮೇಲೆ ಆ ಕಡೆಯವರ ಗದ್ದೆಯಲ್ಲಿ ಭತ್ತ ಬೆಳೆಯಿತು, ಮಾತಿನಲ್ಲಿ ಗರ್ವ ಬೆಳೆಯಿತು. “ಬಣ್ಣಾ?” ಎಂದು ಅವನು ನಕ್ಕ. “ಈಗ ಯಾರ ಹಚ್ಚತಾರ ಅಕ್ಕಾ ಬಣ್ಣ? ನಮ್ಮ ಕಡೆ ಎಲ್ಲಾ ಮೈಕಾ. ಶೀಟ ಅಂಟಿಸಿದ್ರ ಮುಗೀತು. ಕನ್ನಡ್ಯಾಗ ಕಂಡಂಗ ಮಾರೀ ಕಾಣತೈತಿ ನೋಡು ಅದರಾಗ!”

“ನನಗ ಮಾರಿ ಬ್ಯಾಡೋ ತಮ್ಮಾ,” ಎಂದಳು ಅವ್ವ, ಕಪ್ಪುಬಸಿ ಎತ್ತುತ್ತ. “ಉಪ್ಪ ಕಂಡ್ರ ಸಾಕು.”

ಎಲ್ಲರೂ ನಕ್ಕರು. ಇದನ್ನು ಅಭಿಪ್ರಾಯವೆಂದು ಯಾರೂ ಎಣಿಸಲಿಲ್ಲ. ನಾನು ಎಣಿಸಿದೆ. ಮರುದಿನ ಮೈಕಾ ಮಾವ ಊರಿಗೆ ಹೋದ ಮೇಲೆ, ಇನ್ನು ಈ ಪಂಡಿತರಿಗೆ ಬಿಡಬಾರದು ಎಂದು ನಾನೇ ಮುಂದಾದೆ. ಮಾರ್ಚ್ ಹತ್ತರಂದು ಕೊಪ್ಪಳಕ್ಕೆ ಹೋಗಿ, ಬಣ್ಣದ ಅಂಗಡಿಯವರನ್ನು ಕಾಡಿ, ಅವರ ಬಣ್ಣದ ಪಟ್ಟಿಯನ್ನೇ ಎರವಲು ತಂದೆ. ನಲವತ್ತೆಂಟು ಬಣ್ಣ. ಪ್ರತಿಯೊಂದರ ಕೆಳಗೆ ಇಂಗ್ಲಿಷ್ ಹೆಸರು, ಒಂದು ನಂಬರು, ಅದರ ಪಕ್ಕದಲ್ಲಿ ಅಂಗಡಿಯವರು ಪೆನ್ಸಿಲಿನಿಂದ ಬರೆದ ನಮ್ಮ ಹೆಸರು: ಅಂಗೂರಿ, ಪಿಸ್ತಾ, ಖಾಕಿ, ಗಿಣಿಹಸಿರು. ಅವ್ವ ಪಟ್ಟಿಯನ್ನು ಹಿತ್ತಲ ಬಾಗಿಲಿಗೆ ಒಯ್ದು, ಮೂಗಿಗೆ ತಾಗಿಸಿಕೊಂಡು, ಒಂದೊಂದೇ ಚೌಕವನ್ನು ಬೆರಳಿನಿಂದ ದಾಟಿ, ಕೊನೆಗೆ ಹಾಲಿಗೆ ಕೇಸರಿಯ ಎರಡು ಎಳೆ ಬಿದ್ದಂಥ ಒಂದು ಬಣ್ಣದ ಮೇಲೆ ನಿಂತಳು.

“ಇದು ಬೆಳಕ ಕೊಡತೈತಿ. ಏನಂತಾರ ಇದಕ್ಕ?”

“ಬಾದಾಮಿ,” ಎಂದು ಓದಿದೆ. ಸುಲಿದ ಬಾದಾಮಿಯ ಬಣ್ಣ.

ಅಪ್ಪನ ವಿರೋಧವನ್ನು ಎರಡು ದಿನದಲ್ಲಿ ಮುರಿದೆ. ಪಟ್ಟಿಯನ್ನು ಹೇಳಿದ ದಿನವೇ ಹಿಂದಿರುಗಿಸಿದೆ. ತಂದ ತಾರೀಖು, ಕೊಟ್ಟ ತಾರೀಖು, ಬಸ್ಸು ತಡವಾದ ನಿಮಿಷ, ಪಟ್ಟಿಯಲ್ಲಿದ್ದ ನೀಲಿಗಳೆಷ್ಟು, ಹಸಿರುಗಳೆಷ್ಟು, ಎಲ್ಲವೂ ದಿನಚರಿಯಲ್ಲಿವೆ. ಬಡಿಗ ಮೌನೇಶಪ್ಪ ಕಪಾಟು ಮುಗಿಸಿದ. ಬಣ್ಣವನ್ನೂ ಅವನೇ ಹಚ್ಚುವುದು. ಅಷ್ಟರಲ್ಲಿ ನನಗೆ ಪರೀಕ್ಷೆಯ ಕೆಲಸಕ್ಕೆ ಮೂರು ದಿನ ಯಲಬುರ್ಗಿಗೆ ಹೋಗಬೇಕಾಯಿತು. ಬಾಯಿಮಾತು ನಂಬಬಾರದು ಎಂಬ ನನ್ನ ನಿಯಮದಂತೆ ಚೀಟಿ ಬರೆದು ಅವನ ಕೈಗೆ ಕೊಟ್ಟೆ: ‘ಕಪಾಟು, ಆರು ಬಾಗಿಲು, ಎರಡು ಕೈ ಹಚ್ಚುವುದು, ಹೊಳಪಿಲ್ಲದ್ದು. ಬಣ್ಣ: ಬಾದಾಮಿ.’

ಮೌನೇಶಪ್ಪ ಓದಿ ತಲೆದೂಗಿದ. “ಬಾದಾಮಿ ಏನ್ರಿ ಅಕ್ಕೋರ? ಚಿಂತೀನ ಮಾಡಬ್ಯಾಡ್ರಿ. ನನಗಿಂತ ಛಲೋ ಯಾರಿಗಿ ಗೊತ್ತೈತಿ!”

ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ಆ ಗೌರವದಲ್ಲಿ ಮೈಮರೆತು, ಅವನಿಗೆ ಅಷ್ಟು ಚೆನ್ನಾಗಿ ಯಾಕೆ ಗೊತ್ತು ಎಂದು ನಾನು ಕೇಳಲಿಲ್ಲ.

ಮಾರ್ಚ್ ಇಪ್ಪತ್ತೆಂಟರ ಮಧ್ಯಾಹ್ನ ಯಲಬುರ್ಗಿಯಿಂದ ಬಂದು ಚೀಲ ಇಳಿಸಿ ಅಡುಗೆಮನೆಗೆ ಹೋದೆ. ಅಡುಗೆಮನೆ ಇರಲಿಲ್ಲ. ಅದು ಇದ್ದಲ್ಲಿ ಒಂದು ಗವಿ ಇತ್ತು. ಆರು ಬಾಗಿಲಿಗೂ ಕಡುಗೆಂಪು, ಅದರಲ್ಲಿ ಕಂದು, ಅಲ್ಲಲ್ಲಿ ಅಡ್ಡ ಎಳೆದಂತೆ ಕಪ್ಪು ಪದರ. ಉಳಿದದ್ದು ವ್ಯರ್ಥವಾಗಬಾರದೆಂದು ಸುತ್ತಲ ಗೋಡೆಗೂ ಎದೆಮಟ್ಟಕ್ಕೆ ಹಚ್ಚಿದ್ದ. ಕಿಟಕಿಯಿಂದ ಬರುತ್ತಿದ್ದ ಅಷ್ಟಿಷ್ಟು ಬೆಳಕೂ ಒಳಗೆ ಬಂದು ಅಲ್ಲೇ ಸಾಯುತ್ತಿತ್ತು.

“ಏನಿದು ಮೌನೇಶಪ್ಪಾ?”

“ಬಾದಾಮಿ ರೀ!” ಅವನ ಮುಖದಲ್ಲಿ ಕಲಾವಿದನ ಕಳೆ. “ನನ್ನ ಹೆಂಡ್ತಿ ತವರಮನಿ ಬಾದಾಮ್ಯಾಗs ಐತ್ರಿ. ಅಲ್ಲಿ ಗುಡ್ಡದ ಕಲ್ಲ ತಂದಿಟ್ಟಿದ್ದೆ ಮನ್ಯಾಗ. ಅದನ್ನ ಪಕ್ಕದಾಗ ಹಿಡಕೊಂಡು ಕಾವಿ, ಕರಿ, ಹಳದಿ ಕಲಸೀನ್ರಿ. ನಾಕ ಸಲ ತಪ್ಪಿತ್ರಿ, ಐದನೇದಕ್ಕ ಕೂಡಿ ಬಂತು. ನೀವು ಹೊಳಪ ಬ್ಯಾಡ ಅಂದಿದ್ರಿ. ಕಲ್ಲಿಗಿ ಎಲ್ಲಿ ಹೊಳಪ ಇರತೈತ್ರಿ?” ಎಂದು ಜೇಬಿನಿಂದ ಕಲ್ಲಿನ ಚೂರನ್ನು ತೆಗೆದು ಬಾಗಿಲಿಗೆ ಹಿಡಿದ. ಕಲ್ಲು ಕಾಣಿಸಲಿಲ್ಲ, ಅಷ್ಟು ಚೆನ್ನಾಗಿ ಕೂಡಿತ್ತು.

“ನಾ ಹೇಳಿದ್ದು ತಿನ್ನೂ ಬಾದಾಮಿ!”

“ತಿನ್ನೂ ಬಾದಾಮಿ ನಾ ಎಲ್ಲಿ ನೋಡೀನ್ರಿ ಅಕ್ಕೋರ?” ಎಂದ ಮೌನೇಶಪ್ಪ, ನಿಜವಾಗಿಯೂ ನೊಂದು. “ಶೇಂಗಾ ಅಂತ ಬರದಿದ್ರ ತಿಳೀತಿತ್ತು.”

ಪಟ್ಟಿಯ ನಂಬರು ಬರೆದಿದ್ದರೆ ಮುಗಿಯುತ್ತಿತ್ತು. ದಿನಚರಿ ತಿರುವಿ ಹಾಕಿದೆ. ನೀಲಿಗಳು ಒಂಬತ್ತು, ಹಸಿರುಗಳು ಹನ್ನೊಂದು, ಬಸ್ಸು ತಡ ಮೂವತ್ತೈದು ನಿಮಿಷ. ನಂಬರು ಇರಲಿಲ್ಲ. ಅಪ್ಪನಿಗೆ ಮಾತ್ರ ಬಲು ತೃಪ್ತಿ: “ಛಲೋ ಆಗೈತಿ ಬಿಡ. ಬಾದಾಮ್ಯಾಗ ನಾಕ ಗವಿ ಅದಾವು, ಐದನೇದು ನಮ್ಮನ್ಯಾಗ. ಹೊಲಸಂತೂ ಕಾಣೂದಿಲ್ಲ. ನಾ ಮೊದಲs ಹೇಳಿದ್ದೆ.” ಹೊಲಸಷ್ಟೇ ಅಲ್ಲ, ಅವ್ವನೇ ಕಾಣುತ್ತಿರಲಿಲ್ಲ. ಮೌನೇಶಪ್ಪ ಮುನಿದು, ಗಂಗಾವತಿಯಲ್ಲಿ ಒಂದು ತಿಂಗಳ ಕೆಲಸವಿದೆಯೆಂದು ಹೊರಟುಹೋದ. ಅಪ್ಪ ಕುಕನೂರಿಗೆ ಕಾರ್ಡು ಬರೆದಾಗಿತ್ತು. ಅವ್ವ, ಮೌನೇಶಪ್ಪ ಬಿಟ್ಟುಹೋದ ಡಬ್ಬಿಯಲ್ಲಿ ಏನು ಉಳಿದಿದೆ ಎಂದಷ್ಟೇ ಕೇಳಿದಳು. ಮೊದಲ ಕೈಗೆ ತಂದ ಬಿಳಿ ಬಣ್ಣ, ತಳದಲ್ಲಿ ಸ್ವಲ್ಪ ಇದೆ ಎಂದೆ. ಯಾಕೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಮೌನೇಶಪ್ಪನ ಮೂರ್ಖತನವನ್ನು ಎರಡು ಪುಟ ಬರೆಯುವುದಿತ್ತು.

ಏಪ್ರಿಲ್ ಒಂದರಂದು ಅತ್ತೆ ಬಂದರು. ಒಂದು ಟ್ರಂಕು, ಎರಡು ಚೀಲ, ತಮ್ಮದೇ ಸೌಟು. ಮರುದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿದರು. “ನೀ ಸರೀ ಆ ಕಡೆ. ಕಣ್ಣ ಕಾಣದಾಕಿ, ಎಲ್ಲರಿಗೂ ಸೋಡಾ ಕುಡಸ್ತಿ.”

“ನೀವs ಮಾಡ್ರಿ ಅಕ್ಕಾರ,” ಎಂದು ಅವ್ವ ಹೊಸ್ತಿಲ ಮೇಲೆ ಕುಳಿತಳು, ಬಹಳ ವಿನಯದಿಂದ.

ಗವಿಯಲ್ಲಿ ಬಾಗಿಲುಗಳ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಚಹಾ ಬಂತು. ಅಪ್ಪ ಒಂದು ಗುಟುಕು ಕುಡಿದರು. ಅವರ ಕಣ್ಣುಗುಡ್ಡೆಗಳು ಒಮ್ಮೆ ಸುತ್ತು ಹೊಡೆದು ಸ್ವಸ್ಥಾನಕ್ಕೆ ಬಂದವು. “ಛಲೋ ಆಗೈತಿ ಅಕ್ಕಾ,” ಎಂದು ಪೂರ್ತಿ ಕುಡಿದರು. ಅವ್ವನ ಒಂದು ಚಮಚ ಸೋಡಾಕ್ಕೆ ಅಡುಗೆಮನೆಯ ಹಕ್ಕನ್ನೇ ಕಸಿಯಹೊರಟವರು ತಮ್ಮ ಅಕ್ಕನ ಉಪ್ಪಿನ ಚಹಾವನ್ನು ತೀರ್ಥದಂತೆ ಕುಡಿದರು. ಅತ್ತೆ ಮಾತ್ರ ತಮ್ಮ ಗುಟುಕನ್ನು ಬಾಯಲ್ಲಿ ಹಿಡಿದುಕೊಂಡೇ ಬಚ್ಚಲಿಗೆ ಓಡಿದರು.

ಅವ್ವ ಎದ್ದಳು. ಒಳಗೆ ಹೋಗಿ, ಬಗ್ಗದೆ, ಮೂಸದೆ, ತಡವರಿಸದೆ ಒಂದು ಬಾಗಿಲು ತೆಗೆದು ಸಕ್ಕರೆ ಡಬ್ಬಿ ತೆಗೆದಳು. ಸಿಟ್ಟಿನಲ್ಲಿ ಇಷ್ಟು ದಿನ ಆ ಗವಿಗೆ ಕಾಲಿಟ್ಟಿರದ ನಾನು ಹಿಂದೆ ಹೋಗಿ ನೋಡಿದೆ. ಆರು ಬಾಗಿಲ ಮೇಲೂ ಬಿಳಿ ಗೀಟುಗಳು, ಬೆರಳಿನಿಂದ ಎಳೆದವು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಅಡ್ಡ. ಆರನೆಯದಕ್ಕೆ ಅಡ್ಡದ ಪಕ್ಕ ಒಂದು. ಆ ಕಡುಗೆಂಪಿನ ಮೇಲೆ ಅವು ಸೀಮೆಸುಣ್ಣದಿಂದ ಹಲಗೆಗೆ ಬರೆದಂತೆ ಎದ್ದು ಕಾಣುತ್ತಿದ್ದವು.

“ಡಬ್ಬೀ ಮ್ಯಾಲೆ ಹಚ್ಚಿ ನೋಡಿದೆ, ಹೊಳಪಿಗೆ ಕಾಣವಲ್ದು,” ಎಂದಳು ಅವ್ವ. “ಆ ಹಾಲಬಣ್ಣದ ಮ್ಯಾಲೂ ಕಾಣತಿದ್ದಿಲ್ಲ. ಮೌನೇಶಪ್ಪ ಪುಣ್ಯಾ ಕಟಗೊಂಡ.”

“ಇದನ್ನ ಯಾರ ಕಲಿಸಿದ್ರಬೇ ನಿನಗ?”

“ನೀ ದಿನಾ ಕುಂತ ಗೀಚತಿದ್ದೆಲ್ಲಾ. ಯಾತಕ್ಕಾರ ಬರತೈತೇನು ಅಂತ ನೋಡತಿದ್ದೆ. ಬಂತು.”

ಏಪ್ರಿಲ್ ನಾಲ್ಕರ ಬಸ್ಸಿಗೆ ಅತ್ತೆ ಕುಕನೂರಿಗೆ ಹೋದರು, ಟ್ರಂಕು, ಚೀಲ, ಸೌಟು ಸಮೇತ. ಗವಿಯಲ್ಲಿ ಕೆಲಸ ಮಾಡಿ ತಮಗೆ ಅಭ್ಯಾಸವಿಲ್ಲ ಎಂದರು. ನಾನು ದಿನಚರಿಯಲ್ಲಿ ಕಪಾಟಿನ ಲೆಕ್ಕ ಮುಗಿಸಿದೆ: ಒಟ್ಟು ಅಭಿಪ್ರಾಯ ಹದಿನೇಳು, ಉಪಯೋಗಕ್ಕೆ ಬಂದದ್ದು ಒಂದು, ‘ಉಪ್ಪ ಕಂಡ್ರ ಸಾಕು’. ಅದರ ಕೆಳಗೆ ಮುಂದಿನ ಉಪಯೋಗಕ್ಕೆಂದು ಯಾವ ಬಾಗಿಲಿಗೆ ಎಷ್ಟು ಗೀಟು, ಯಾವ ಸಾಮಾನು ಎಂದು ಶುದ್ಧವಾಗಿ ನಕಲು ಮಾಡಿಕೊಂಡೆ.

ಹತ್ತು ದಿನದ ಮೇಲೆ ಅವ್ವ ಪಕ್ಕದ ಮನೆಗೆ ಹೋಗಿದ್ದಾಗ ನಾನೇ ಚಹಾ ಮಾಡಿದೆ. ದಿನಚರಿ ತೆರೆದು ನೋಡಿ, ‘ಸಕ್ಕರೆ: ಎರಡು ಗೀಟು’ ಎಂದು ಬರೆದಿದ್ದಂತೆ ಎರಡು ಗೀಟಿನ ಬಾಗಿಲು ತೆಗೆದು, ಅಳೆದು ಎರಡು ಚಮಚ ಹಾಕಿದೆ. ಮೊದಲ ಗುಟುಕು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದಾಗ ಅವ್ವ ಬಂದಳು. ಪೊರೆ ಬಂದ ಕಣ್ಣಿಗೂ ನನ್ನ ಮುಖ ಸ್ಪಷ್ಟವಾಗಿ ಕಂಡಿರಬೇಕು.

“ಸಕ್ಕರೀದು ಮೂರ ಗೀಟ ಯವ್ವಾ,” ಎಂದಳು. “ಓದಾಕ ಬರೂದಿಲ್ಲೇನು ಅಕ್ಕೋರಿಗಿ?”

ಆ ದಿನದ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಅವ್ವನಿಗೆ ಅಕ್ಷರ ಬರುವುದಿಲ್ಲ, ಆದ್ದರಿಂದ ಬರೆದರೂ ಭಯವಿಲ್ಲ ಎಂದು ಮೊದಲು ಅಂದುಕೊಂಡೆ. ಆದರೆ ಈಚೆಗೆ ನನಗೆ ಆ ಧೈರ್ಯ ಕಡಿಮೆಯಾಗಿದೆ.